ಐವತ್ತು ವರ್ಷ ಸಿಗದ ಬಾಗಿಲು

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ ಎಂಬುದು 1960ರ ದಶಕದ ಮೊದಲಲ್ಲೇ ಪತ್ತೆಯಾಗಿತ್ತು. ಸ್ನಾಯು ದುಡಿಯುವಾಗ ಕೋಶದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅದು ಮೈಟೊಕಾಂಡ್ರಿಯದ ಒಳಹೊಕ್ಕರೆ ಶಕ್ತಿಯ ತಯಾರಿಕೆಯೂ ಚುರುಕಾಗುತ್ತದೆ. ಹೀರುವ ವೇಗವನ್ನು ಅಳೆದದ್ದಾಯಿತು. ರುಥೇನಿಯಂ ರೆಡ್ ಎಂಬ ಬಣ್ಣ ಬೆರೆಸಿದರೆ ಅದು ನಿಂತೇಹೋಗುತ್ತದೆ ಎಂದೂ ತಿಳಿಯಿತು. ಆದರೆ ಕ್ಯಾಲ್ಸಿಯಂ ನುಗ್ಗುವ ಬಾಗಿಲು ಯಾವ ಪ್ರೋಟೀನು ಎಂದು ಕೇಳಿದರೆ 2011ರವರೆಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ವಿಚಿತ್ರವೆಂದರೆ, ಮಾನವ ಜೀನೋಮ್ ಯೋಜನೆ 2003ರಲ್ಲೇ ಮುಗಿದಿತ್ತು. ಆ ಪ್ರೋಟೀನಿನ ವಂಶವಾಹಿ ಹತ್ತನೆಯ ವರ್ಣತಂತುವಿನಲ್ಲಿ ಸಿಸಿಡಿಸಿ109ಎ ಎಂಬ ಹೆಸರು ಹೊತ್ತು ಎಲ್ಲರ ಕಣ್ಣೆದುರೇ ಕೂತಿತ್ತು. ಪ್ರೋಟೀನಿನ ಆಕಾರವನ್ನು ಊಹಿಸಿ ಅಂಟಿಸಿದ ಹೆಸರು ಅದು. ಅದರಲ್ಲಿ ಕೆಲಸದ ಸುಳಿವೇ ಇಲ್ಲ.

ದಾರಿ ತೋರಿಸಿದ್ದು ಯೀಸ್ಟ್ ಮತ್ತು ಒಂದು ಪರೋಪಜೀವಿ. ಬ್ರೆಡ್ಡಿಗೆ ಹಾಕುವ ಯೀಸ್ಟಿನ ಮೈಟೊಕಾಂಡ್ರಿಯ ಹೀಗೆ ಕ್ಯಾಲ್ಸಿಯಂ ಹೀರುವುದಿಲ್ಲ. ಆಫ್ರಿಕದಲ್ಲಿ ನಿದ್ರಾರೋಗ ತರುವ ಟ್ರಿಪನೊಸೋಮಗಳ ಬಳಗದಲ್ಲಿ ಆ ಶಕ್ತಿಯುಂಟು. ಹಾಗಾದರೆ ಮನುಷ್ಯನಲ್ಲೂ ಟ್ರಿಪನೊಸೋಮದಲ್ಲೂ ಇದ್ದು ಯೀಸ್ಟಿನಲ್ಲಿ ಇಲ್ಲದ ಪ್ರೋಟೀನುಗಳು ಯಾವುವು? ಅಮೆರಿಕದ ವಂಸಿ ಮೂತಾ ಅವರ ತಂಡ ಹೀಗೆ ಪಟ್ಟಿಯನ್ನು ಜರಡಿ ಹಿಡಿದು 2010ರಲ್ಲಿ ಎಂಐಸಿಯು1 ಎಂಬ ಪ್ರೋಟೀನನ್ನು ಹಿಡಿಯಿತು. ಅದು ಬಾಗಿಲಲ್ಲ, ಬಾಗಿಲು ಕಾಯುವವನು. ಮರುವರ್ಷ ಅದರ ಜಾಡು ಹಿಡಿದೇ ಸಿಸಿಡಿಸಿ109ಎ ಸಿಕ್ಕಿತು. ಇಟಲಿಯ ಪಾಡುವಾದಲ್ಲಿ ರೊಸಾರಿಯೊ ರಿಜ್ಜುಟೊ ಅವರ ತಂಡವೂ ಬೇರೆ ದಾರಿಯಲ್ಲಿ ಅದೇ ಹೊತ್ತಿಗೆ ಅಲ್ಲಿಗೇ ಬಂದು ತಲುಪಿತ್ತು. ಎರಡೂ ವರದಿಗಳು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದವು. ವಂಶವಾಹಿಗೆ ಈಗ ಎಂಸಿಯು ಎಂದು ಹೆಸರು.

ಇದೇ ಬಾಗಿಲು ಎನ್ನಲು ಪುರಾವೆ ಏನು? ಈ ಪ್ರೋಟೀನಿನಲ್ಲಿ 351 ಅಮೈನೊ ಆಮ್ಲಗಳಿವೆ. 259ನೆಯದಾದ ಸೆರಿನ್ ತೆಗೆದು ಅಲನಿನ್ ಕೂರಿಸಿದರು. ಕ್ಯಾಲ್ಸಿಯಂ ಎಂದಿನಂತೆಯೇ ಒಳಗೆ ಹೋಯಿತು. ರುಥೇನಿಯಂ ಸಂಯುಕ್ತ ಹಾಕಿದರೂ ಅದು ನಿಲ್ಲಲಿಲ್ಲ. ಒಂದೇ ಅಮೈನೊ ಆಮ್ಲದ ಬದಲಾವಣೆ ದಶಕಗಳ ಹಳೆಯ ತಡೆಯನ್ನು ಮುರಿದಿತ್ತು. ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ಜೀವವಿಜ್ಞಾನದಲ್ಲಿ ಸಿಗುವುದು ಅಪರೂಪ.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 2013ರಲ್ಲಿ ಈ ವಂಶವಾಹಿಯನ್ನೇ ಇಲ್ಲವಾಗಿಸಿದ ಇಲಿಗಳು ಹುಟ್ಟಿದವು. ಅವು ಬದುಕಲಾರವು ಎಂದೇ ಹಲವರ ಎಣಿಕೆಯಾಗಿತ್ತು. ಬದುಕಿದವು! ಗಾತ್ರ ತುಸು ಚಿಕ್ಕದು. ತೀವ್ರ ಶ್ರಮದ ಪರೀಕ್ಷೆಯಲ್ಲಿ ಮಾತ್ರ ಹಿಂದೆ ಬಿದ್ದವು.

ಸಿಸಿಡಿಸಿ109ಎಯಂತೆ ಕಣ್ಣೆದುರಿದ್ದೂ ಕಡೆಗಣಿತವಾದ ವಂಶವಾಹಿಗಳು ಇನ್ನೂ ಇವೆ. ಮನುಷ್ಯನಲ್ಲಿ ಪ್ರೋಟೀನಿಗೆ ಸಂಕೇತ ಕೊಡುವ ಸುಮಾರು 20,000 ವಂಶವಾಹಿಗಳಿವೆ. ಸಂಶೋಧಕರ ಗಮನವೆಲ್ಲ ಟಿಪಿ53ರಂಥ ಕೆಲವು ಪ್ರಸಿದ್ಧರ ಸುತ್ತಲೇ. ಅನುದಾನ ಕೇಳುವವರಿಗೆ ಅಪರಿಚಿತ ವಂಶವಾಹಿ ಹೆದರಿಕೆಯ ವಿಷಯ, ಅದು ಸಹಜವೇ. ಬ್ರಿಟನ್ನಿನ ವಿಜ್ಞಾನಿಗಳು 2023ರಲ್ಲಿ ಇಂಥ ಅಜ್ಞಾತರದೇ ಒಂದು ಮಾಹಿತಿಕೋಶ ಪ್ರಕಟಿಸಿದರು. ಮನುಷ್ಯನಲ್ಲೂ ಹಣ್ಣುನೊಣದಲ್ಲೂ ಇರುವ 260 ವಂಶವಾಹಿಗಳನ್ನು ನೊಣಗಳಲ್ಲಿ ಒಂದೊಂದಾಗಿ ಅಡಗಿಸಿ ನೋಡಿದರು. ಹೆಚ್ಚುಕಡಿಮೆ ಕಾಲುಭಾಗ ವಂಶವಾಹಿಗಳಿಲ್ಲದೆ ನೊಣ ಬದುಕಲೇ ಇಲ್ಲ.