ನೆರಳಿಗೆ ಎಲ್ಲಿಯ ಸೂತಕ?

(ಮಾಸಿಕ ಶಿವಾನುಭವಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಹೊತ್ತಿನ ಗೋಷ್ಠಿಯ ವಿಷಯ ‘ವಿಜ್ಞಾನ ಮತ್ತು ವಿಚಾರ’ ಎಂದು ಕರಪತ್ರದಲ್ಲಿ ಅಚ್ಚಾಗಿದೆ. ನಮಗಿಂತ ಮೊದಲು ಮಾತನಾಡಿದ ಪ್ರಾಧ್ಯಾಪಕರು ವಿಜ್ಞಾನದ ಮಹತ್ತ್ವವನ್ನು ಸೊಗಸಾಗಿ ತಿಳಿಸಿದರು. ನಾವು ವಿಜ್ಞಾನ ಓದಿದವರಲ್ಲ. ಪಾಠಶಾಲೆಯಲ್ಲಿ ಕೌಮುದಿ, ತರ್ಕಸಂಗ್ರಹಗಳನ್ನು ಬಾಯಿಪಾಠ ಮಾಡಿ ಬಂದವರು. ಆದುದರಿಂದ ನಮಗೆ ಗೊತ್ತಿರುವ ಒಂದೇ ಸಂಗತಿಯನ್ನು ಹೇಳುತ್ತೇವೆ. ಅದು ಗ್ರಹಣದ ಸಂಗತಿ. ಅದರಲ್ಲಿ ನಮ್ಮ ತಪ್ಪೂ ಸೇರಿದೆ.

1980ರ ಫೆಬ್ರವರಿ 16. ಆಗ ನಮಗೆ ಎಂಟೊಂಬತ್ತು ವರ್ಷ. ಆ ದಿನ ಖಗ್ರಾಸ ಸೂರ್ಯಗ್ರಹಣ. ನೆರಳು ಅಂಕೋಲೆಯ ಕಡಲತೀರದಿಂದ ನಾಡನ್ನು ಹೊಕ್ಕು, ಗದಗ ರಾಯಚೂರುಗಳ ಮೇಲೆ ಹಾದುಹೋಯಿತು. ಅದನ್ನು ನೋಡಲೆಂದು ವಿಜ್ಞಾನಿಗಳು ದೂರದೂರದಿಂದ ಯಂತ್ರಗಳನ್ನು ಹೊತ್ತು ಈ ಸೀಮೆಗೆ ಬಂದರು. ನಾವೋ, ಇಲ್ಲಿಯೇ ಹುಟ್ಟಿದವರು, ಕಿಡಕಿಗೆ ಕೌದಿ ಕಟ್ಟಿಕೊಂಡು ಒಳಗೆ ಕುಳಿತೆವು. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಹಾಡುಹಗಲೇ ಕೋಳಿಗಳು ಗೂಡು ಸೇರಿದ ಸಪ್ಪಳ ಇನ್ನೂ ಕಿವಿಯಲ್ಲಿದೆ. ಎರಡು ನಿಮಿಷಕ್ಕೆ ಮೀರಿದ ಆ ಕತ್ತಲೆ ಮನೆಯ ಬಾಗಿಲಿಗೇ ಬಂದಿತ್ತು. ನಾವು ಬಾಗಿಲು ತೆರೆಯಲಿಲ್ಲ. ಅಂಥದೊಂದನ್ನು ಈವರೆಗೂ ನೋಡಿಲ್ಲ.

ಮುಂದೆ ಪಾಠಶಾಲೆಯಲ್ಲಿ ಜ್ಯೌತಿಷದ ಪಾಠ ನಡೆಯಿತು. ಕ್ರಿ.ಶ. 499ರ ಕಾಲದ ಆರ್ಯಭಟನು, ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ವರಾಹಮಿಹಿರನೂ ಇದನ್ನು ಒಪ್ಪುತ್ತಾನೆ. ಅದೇ ಗ್ರಂಥದಲ್ಲಿ ಗ್ರಹಣದ ಶುಭಾಶುಭ ಫಲಗಳನ್ನೂ ಬರೆಯುತ್ತಾನೆ, ಅದು ಬೇರೆ ಮಾತು. ನಮಗೆ ಬೆರಗಾದದ್ದು ಬ್ರಹ್ಮಗುಪ್ತನನ್ನು ಓದಿದಾಗ. 628ರಲ್ಲಿ ಗ್ರಂಥ ಬರೆದ ಮಹಾಗಣಿತಜ್ಞ ಅವನು. ಗ್ರಹಣದ ವೇಳೆ ಕಟ್ಟುವಾಗ ನೆರಳಿನ ಲೆಕ್ಕವನ್ನೇ ಹಿಡಿಯುತ್ತಾನೆ. ಆದರೆ ರಾಹು ಕಾರಣನಲ್ಲವೆಂದ ಆರ್ಯಭಟಾದಿಗಳನ್ನು, ಇದು ಲೋಕಕ್ಕೂ ಶ್ರುತಿಸ್ಮೃತಿಗಳಿಗೂ ವಿರುದ್ಧವೆಂದು ಖಂಡಿಸುತ್ತಾನೆ. ನಾನೂರು ವರ್ಷಗಳ ತರುವಾಯ ಈ ದೇಶವನ್ನು ಕುರಿತು ಬರೆದ ಅಲ್‌ಬೆರೂನಿ, ಇಷ್ಟು ಬಲ್ಲವನು ಹೀಗೇಕೆ ಹೇಳಿದನೆಂದು ಆಕ್ಷೇಪಿಸಿದ್ದಾನೆ. ಲೆಕ್ಕ ಒಂದು, ಮಾತು ಇನ್ನೊಂದು! ವಿದ್ಯಾರ್ಥಿಗಳಾಗಿದ್ದ ನಾವು ಇದನ್ನು ಓದಿ ನಕ್ಕಿದ್ದುಂಟು.

ಪೀಠಕ್ಕೆ ಬಂದ ಮೇಲೆ ನಾವು ಮಾಡಿದ್ದೂ ಅದನ್ನೇ. ಗ್ರಹಣದ ದಿನ ದಾಸೋಹದ ಒಲೆ ಆರಿಸುವುದು, ಗದ್ದುಗೆಯ ಬಾಗಿಲು ಮುಚ್ಚುವುದು, ನೀರಿನ ಹಂಡೆಗೆ ದರ್ಭೆ ಹಾಕುವುದು ನಡೆದುಬಂದಿತ್ತು. ನೆರಳೆಂದು ನಮಗೆ ಗೊತ್ತು. ಆದರೂ ‘ರೂಢಿಯಿದೆ, ನಡೆಯಲಿ’ ಎಂದೆವು. ಭಕ್ತರ ಮನಸ್ಸು ನೋಯಿಸಬಾರದೆಂಬ ನೆಪ ಹೇಳಿಕೊಂಡೆವು.

2019ರ ಡಿಸೆಂಬರ್ 26ರಂದು ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಮಠದ ಒಲೆ ಎಂದಿನಂತೆ ಆರಿತ್ತು. ಅದೇ ಬೆಳಿಗ್ಗೆ ಕಲಬುರಗಿ ಜಿಲ್ಲೆಯಲ್ಲಿ, ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಪತ್ರಿಕೆಯಲ್ಲಿ ಚಿತ್ರ ಬಂತು. ನೆಲದ ಮೇಲೆ ಮಗುವಿನ ತಲೆಯಷ್ಟೇ ಕಾಣುತ್ತಿತ್ತು. ಆ ದಿನ ನಮಗೆ ಪ್ರಸಾದ ರುಚಿಸಲಿಲ್ಲ.

ದರ್ಶನಕ್ಕೆ ಬಂದಿದ್ದ ಮಕ್ಕಳ ವೈದ್ಯರೊಬ್ಬರ ಮುಂದೆ ಆ ಪತ್ರಿಕೆ ಇಟ್ಟು, ‘ಎಂಥ ಅಜ್ಞಾನ ನೋಡಿ’ ಎಂದೆವು. ಅವರು ಸಮಾಧಾನದಿಂದ, “ಅಜ್ಜಾರ, ಆ ತಾಯಂದಿರನ್ನು ಬೈಯಬೇಡಿ. ಆಸ್ಪತ್ರೆಗಳನ್ನು ಅಲೆದು ಅಲೆದು, ರೊಕ್ಕ ತೀರಿದ ಮೇಲೆ ಇಂಥ ತಗ್ಗಿನ ಬಳಿ ಬರುತ್ತಾರೆ” ಎಂದರು. ಕೈಕಾಲು ಸೆಟೆದ ಇಂಥ ಅನೇಕ ಮಕ್ಕಳಲ್ಲಿ ದೋಷ ಕಾಲಿನಲ್ಲಿರುವುದಿಲ್ಲವಂತೆ. ಗರ್ಭದಲ್ಲಿರುವಾಗಲೋ ಹೆರಿಗೆಯ ವೇಳೆಗೋ ಹುಟ್ಟಿದ ಹೊಸತರಲ್ಲೋ ಮೆದುಳಿಗೆ ಆದ ಪೆಟ್ಟು ಅದು. ಪೂರ್ತಿ ವಾಸಿಯಾಗದು. ಆದರೆ ಬೇಗ ಗುರುತಿಸಿ ದಿನವೂ ವ್ಯಾಯಾಮ ಮಾಡಿಸಿದರೆ ಎಷ್ಟೋ ಮಕ್ಕಳು ಕೂಡುವುದು, ನಿಲ್ಲುವುದು, ಕೈಯಿಂದ ತುತ್ತು ಎತ್ತುವುದು ಕಲಿಯುತ್ತಾರೆ. ‘ಮಣ್ಣಿನಿಂದ ಲಾಭವಿಲ್ಲದಿದ್ದರೂ ಹಾನಿಯೇನು?’ ಎಂದು ಕೇಳಿದೆವು. “ಎದೆಯ ಮೇಲೆ ಮಣ್ಣಿನ ಭಾರ ಬಿದ್ದರೆ ಉಸಿರಿಗೇ ಕಷ್ಟ. ಅದಕ್ಕಿಂತ ದೊಡ್ಡ ಹಾನಿ, ವ್ಯಾಯಾಮ ಮಾಡಿಸಬೇಕಾದ ವರ್ಷಗಳು ಮುಂದಿನ ಗ್ರಹಣ ಕಾಯುವುದರಲ್ಲಿ ಕಳೆದುಹೋಗುತ್ತವೆ” ಎಂದರು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಮಠವೇ ಹೆದರಿ ಒಲೆ ಆರಿಸಿದರೆ, ಗ್ರಹಣದಲ್ಲಿ ಏನೋ ಶಕ್ತಿಯಿದೆಯೆಂದು ಜನ ತಿಳಿಯುವುದು ಸಹಜ. ಕೆಡಿಸುವ ಶಕ್ತಿ ಇದ್ದ ಮೇಲೆ ಗುಣಪಡಿಸುವ ಶಕ್ತಿಯೂ ಇರಬೇಕಲ್ಲವೆ? ನಮ್ಮ ಆರಿದ ಒಲೆಗೂ ಆ ತಗ್ಗಿಗೂ ನಂಟಿದೆ. 2017ರಲ್ಲಿ ಸರಕಾರ ಅಮಾನವೀಯ ಪದ್ಧತಿಗಳ ವಿರುದ್ಧ ಶಾಸನ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಶಾಸನ ಬೇಕೇ ಬೇಕು. ಆದರೆ ಮಠದ ಒಲೆಯನ್ನು ಪೊಲೀಸರು ಬಂದು ಹೊತ್ತಿಸಲಾರರು.

2020ರ ಜೂನ್ 21ರಂದು ಮತ್ತೆ ಗ್ರಹಣ. ಕೊರೋನಾ ಕಾಲ, ಮಠದಲ್ಲಿ ಬೆರಳೆಣಿಕೆಯ ಜನ. ಪಟ್ಟಣದ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರನ್ನು ಕರೆಸಿದ್ದೆವು. ಅವರು ಉಪನ್ಯಾಸ ಕೊಡಲಿಲ್ಲ. ‘ನನ್ನ ಮಾತು ನಂಬಬೇಡಿ’ ಎಂದು ಅಡುಗೆಮನೆಯಿಂದ ಬೂಂದಿ ಕರಿಯುವ ಝಾರಿ ತರಿಸಿ, ಅಂಗಳದ ಬಿಸಿಲಿಗೆ ಎತ್ತಿ ಹಿಡಿದರು. ನೆಲದ ಮೇಲೆ ತೂತಿಗೊಂದರಂತೆ ಸೂರ್ಯನ ಬಿಂಬ, ಪ್ರತಿಯೊಂದೂ ಕಚ್ಚಿದ ಹೋಳಿಗೆಯಂತೆ! ಬೇವಿನ ಮರದ ಕೆಳಗೂ ಹಾಗೆಯೇ. ಸೂರ್ಯನನ್ನು ಬರಿಗಣ್ಣಿನಿಂದ ಮಾತ್ರ ನೋಡಬೇಡಿ, ಕಣ್ಣು ಸುಡುತ್ತದೆ ಎಂದು ಎಚ್ಚರಿಸಿದರು. ‘ಗ್ರಹಣದಲ್ಲಿ ಉಣ್ಣಬಹುದೆ?’ ಎಂದು ಕೇಳಿದೆವು. “ಆಹಾರ ಕೆಡುವುದಿಲ್ಲ, ಇಷ್ಟು ಬಲ್ಲೆ. ಪಾಪಪುಣ್ಯ ನನ್ನ ವಿಷಯವಲ್ಲ, ಅದನ್ನು ತಾವು ಹೇಳಬೇಕು” ಎಂದರು. ತನ್ನ ವಿಷಯ ಎಲ್ಲಿ ಮುಗಿಯಿತೆಂದು ಬಲ್ಲವರೇ ತಜ್ಞರು. ಎಲ್ಲವೂ ನಮ್ಮ ಶಾಸ್ತ್ರಗಳಲ್ಲೇ ಇದೆಯೆಂದು ಸಭೆಗಳಲ್ಲಿ ಗುಡುಗುವವರನ್ನು ಕಂಡಾಗ ಈ ಅಧ್ಯಾಪಕರು ನೆನಪಾಗುತ್ತಾರೆ.

ಉತ್ತರ ನಮ್ಮ ಮೇಲೆ ಬಿತ್ತು. ನಾವು ಹೇಳುವ ಮೊದಲೇ ದಾಸೋಹದ ಮನೆಯ ಹಿರಿಯ ತಾಯಿ, “ಅಜ್ಜಾರ, ಹುಟ್ಟಿದ್ದಕ್ಕ, ಸತ್ತದ್ದಕ್ಕ ಲಿಂಗವಂತರಿಗೆ ಸೂತಕ ಇಲ್ಲಂತ ನೀವ ಹೇಳ್ತೀರಿ. ಮತ್ತ ಈ ನೆರಳಿಗ್ಯಾಕ್ರೀ ಸೂತಕ?” ಎಂದಳು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳನ್ನು ಶರಣರು ಅಲ್ಲಗಳೆದರೆಂದು ನಾವು ನೂರಾರು ವೇದಿಕೆಗಳಲ್ಲಿ ಹೇಳಿದ್ದೇವೆ. ಅಕ್ಷರ ಬಾರದ ಆ ತಾಯಿ ಅದನ್ನು ಲೆಕ್ಕಕ್ಕೆ ಹಿಡಿದಿದ್ದಳು. ಅಂದೇ ಒಲೆ ಹೊತ್ತಿತು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ, ಅವರನ್ನು ಧರ್ಮದ್ರೋಹಿ ಎಂದು ಜರಿದವರು ಉಂಟು. ಖಾದಿ ಉಟ್ಟು, ಮದುವೆಯಾಗದೆ, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬಾಳಿದ ಮನುಷ್ಯ ಅವರು. ಪ್ರಶ್ನೆ ಕೇಳಿದ್ದೇ ದ್ರೋಹವಾದರೆ ನಮ್ಮ ದಾಸೋಹದ ತಾಯಿಯನ್ನು ಏನೆನ್ನೋಣ?

2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣವಾದಾಗ ದಾಸೋಹ ನಡೆದೇ ಇತ್ತು. ಕೆಲವರು ಉಣ್ಣಲಿಲ್ಲ, ನಾವು ಒತ್ತಾಯಿಸಲಿಲ್ಲ. ಒಬ್ಬ ಬಸುರಿ ಮಗಳು ಅತ್ತೆಯ ಮುಖ ನೋಡಿದಳು; ಅತ್ತೆ ನಮ್ಮ ಮುಖ ನೋಡಿದಳು. ನಾವು ಮೊದಲ ತುತ್ತು ಎತ್ತಿದೆವು. ಆಮೇಲೆ ಅತ್ತೆಯೇ ಸೊಸೆಯ ತಟ್ಟೆಗೆ ರೊಟ್ಟಿ ಹಾಕಿದಳು.

ಆ ಮಕ್ಕಳ ವೈದ್ಯರು ಬರುವ ಅಮಾವಾಸ್ಯೆಯ ಮರುದಿನ ಶ್ರೀಮಠಕ್ಕೆ ಬರುತ್ತಾರೆ. ವ್ಯಾಯಾಮ ಕಲಿಸುವ ಒಬ್ಬ ತಾಯಿಯನ್ನೂ ಕರೆತರುತ್ತಾರೆ. ನಿಮ್ಮ ಓಣಿಯಲ್ಲಿ ನಡೆಯಲಾರದ, ಕೂಡಲಾರದ ಮಗುವಿದ್ದರೆ ಕರೆದುಕೊಂಡು ಬನ್ನಿ. ಬಸ್ಸಿನ ಅನುಕೂಲವಿಲ್ಲದವರು ಕಚೇರಿಯಲ್ಲಿ ಹೆಸರು ಬರೆಸಿ ಹೋಗಿರಿ. ಮಠದ ಜೀಪು ಕಳಿಸುತ್ತೇವೆ.