ಎಂಆರ್‌ಐನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಕಾಣುತ್ತಾ?

ನಾನು ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ಎಂಟೆಕ್‌ನಲ್ಲಿ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

'ಆಕ್ಸಿಡೇಟಿವ್ ಸ್ಟ್ರೆಸ್' ಅನ್ನೋ ಪದ ಈಗ ಫೇಸ್‌ಕ್ರೀಮ್ ಡಬ್ಬಿ ಮೇಲೂ ಇದೆ. ವಿಷಯ ಇಷ್ಟು: ಜೀವಕೋಶ ಆಮ್ಲಜನಕ ಬಳಸುವಾಗ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಅವನ್ನು ತಣಿಸುವ ವಸ್ತುಗಳೂ ಕೋಶದಲ್ಲೇ ಇವೆ, ಮುಖ್ಯವಾದದ್ದು ಗ್ಲುಟಾಥಯೋನ್. ತಣಿಸೋದಕ್ಕಿಂತ ಹುಟ್ಟೋದು ಹೆಚ್ಚಾದ್ರೆ ತೊಂದರೆ ಶುರು.

ಇದನ್ನು ಬದುಕಿರುವ ಮನುಷ್ಯನ ಮಿದುಳಲ್ಲಿ ಅಳೆಯೋದು ಹೇಗೆ? ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಆಯಸ್ಸು ನ್ಯಾನೋಸೆಕೆಂಡುಗಳಷ್ಟು, ಸ್ಕ್ಯಾನ್‌ಗೆ ಬೇಕಾಗೋದು ನಿಮಿಷಗಳು. ಕಳ್ಳ ಸಿಗಲ್ಲ. ಅದಕ್ಕೇ ಕಾವಲುಗಾರರು ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸ್ತಾರೆ, ಅಂದರೆ ಗ್ಲುಟಾಥಯೋನ್ ಪ್ರಮಾಣ ನೋಡ್ತಾರೆ.

ಅದೂ ಸುಲಭ ಇಲ್ಲ. ಮಾಮೂಲಿ ಎಂಆರ್‌ಐ ಚಿತ್ರ ಬಹುಮಟ್ಟಿಗೆ ನೀರಿನ ಹೈಡ್ರೋಜನ್‌ನಿಂದ ಬರುತ್ತೆ. ಮಿದುಳಲ್ಲಿ ಗ್ಲುಟಾಥಯೋನ್ ಇರೋದು ಲೀಟರಿಗೆ ಸುಮಾರು 1ರಿಂದ 3 ಮಿಲಿಮೋಲ್; ನೀರಿನ ಅಣುಗಳು ಅದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ನೀರಿನ ಸಿಗ್ನಲ್ ಅಡಗಿಸಿದರೂ, ಗ್ಲುಟಾಥಯೋನ್ ಸಿಗ್ನಲ್ ಬರೋದು 2.95 ಪಿಪಿಎಂನಲ್ಲಿ, ಪಕ್ಕದಲ್ಲೇ 3.03ರಲ್ಲಿ ಕ್ರಿಯಾಟಿನ್ ಕೂತಿರುತ್ತೆ. ಮದುವೆ ಮನೇಲಿ ಓಲಗದ ಪಕ್ಕ ಯಾರೋ ಪಿಸುಗುಟ್ಟಿದ ಹಾಗೆ.

ಇಲ್ಲಿ ಬರುತ್ತೆ ನನಗೆ ತುಂಬಾ ಇಷ್ಟವಾದ ಉಪಾಯ. ಗ್ಲುಟಾಥಯೋನ್‌ನ ಆ ಹೈಡ್ರೋಜನ್‌ಗೆ 4.56 ಪಿಪಿಎಂನಲ್ಲಿರುವ ಇನ್ನೊಂದು ಹೈಡ್ರೋಜನ್ ಜೊತೆ ನಂಟಿದೆ. ಕ್ರಿಯಾಟಿನ್‌ಗೆ ಅಂಥ ನಂಟಿಲ್ಲ. ಒಮ್ಮೆ 4.56ಕ್ಕೆ ಪಲ್ಸ್ ಕೊಟ್ಟು ಅಳೆಯಿರಿ, ಇನ್ನೊಮ್ಮೆ ಕೊಡದೆ ಅಳೆಯಿರಿ, ಒಂದರಿಂದ ಒಂದನ್ನು ಕಳೆಯಿರಿ. ಎರಡರಲ್ಲೂ ಒಂದೇ ಥರ ಇರುವ ಕ್ರಿಯಾಟಿನ್ ಮಾಯ, ಬದಲಾದ ಗ್ಲುಟಾಥಯೋನ್ ಉಳಿಯುತ್ತೆ. ನಾವು ಗಿಟ್‌ನಲ್ಲಿ ಡಿಫ್ ನೋಡ್ತೀವಲ್ಲ, ಅದೇ ಲೆಕ್ಕ. 1998ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಮೆಗಾ-ಪ್ರೆಸ್ ಅಂತ ಹೆಸರು. ತಲೆ ಸ್ವಲ್ಪ ಅಲ್ಲಾಡಿದರೂ ಕಳೆಯೋ ಲೆಕ್ಕ ಕೆಡುತ್ತೆ. ಸಿಗೋದೂ ದೊಡ್ಡ ನೆಲ್ಲಿಕಾಯಿಯಷ್ಟು ಜಾಗದ ಸರಾಸರಿ ಮಾತ್ರ.

ನಾನಿರೋ ಕಡೆಯಿಂದ ಹತ್ತಿರವೇ ಇರುವ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಪ್ರವತ್ ಮಂಡಲ್ ಅವರ ತಂಡ ಇದನ್ನೇ ಬಳಸಿತು. ಅಲ್ಜೈಮರ್ ಇದ್ದವರಲ್ಲಿ, ಅದಕ್ಕೂ ಮುಂಚಿನ ಸೌಮ್ಯ ಮರೆವಿನ ಹಂತದವರಲ್ಲೂ, ಹಿಪೊಕ್ಯಾಂಪಸ್ ಮತ್ತು ಮುಂಭಾಗದ ಕಾರ್ಟೆಕ್ಸ್‌ನಲ್ಲಿ ಗ್ಲುಟಾಥಯೋನ್ ಕಡಿಮೆ ಇದೆ ಅಂತ 2015ರಲ್ಲಿ ವರದಿ ಮಾಡಿದರು. ಆದರೆ ಇದು ಗುಂಪುಗಳ ಹೋಲಿಕೆ. ನಿಮ್ಮ ಅಮ್ಮನ ಒಂದು ಅಂಕಿ ನೋಡಿ 'ರೋಗ ಇದೆ' ಅನ್ನೋಕೆ ಬರಲ್ಲ.

ನಮ್ಮ ಸೋದರತ್ತೆಗೆ ಮರೆವು ಶುರುವಾದಾಗ ಊರಲ್ಲಿ ಯಾರೋ ಗ್ಲುಟಾಥಯೋನ್ ಮಾತ್ರೆ ತರಿಸಿಕೊಟ್ಟರು. ಅತ್ತೆ ಮಗ ಫೋನ್ ಮಾಡಿ, "ಅಣ್ಣಾ, ಎಂಆರ್‌ಐ ನಾರ್ಮಲ್ ಬಂದಿದೆ, ಆದ್ರೂ ಸ್ಟ್ರೆಸ್ ಇದೆ ಅಂತಾರಲ್ಲ?" ಅಂದ. ಮಾಮೂಲಿ ಸ್ಕ್ಯಾನ್ ಇದನ್ನು ಅಳೆಯೋದೇ ಇಲ್ಲಪ್ಪ, ಮೊದಲು ನ್ಯೂರಾಲಜಿಸ್ಟ್‌ಗೆ ತೋರಿಸು, ಬಿ12, ಥೈರಾಯ್ಡ್ ನೋಡ್ಲಿ ಅಂದೆ. ಬಿ12 ಕಡಿಮೆ ಇದ್ರೂ ಮರೆವು ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ.

ಹಾಗಾದ್ರೆ ಈ ತಂತ್ರ ಯಾವುದಕ್ಕೆ? ಮಿನ್ನೆಸೋಟ ವಿಶ್ವವಿದ್ಯಾಲಯದವರು ಪಾರ್ಕಿನ್ಸನ್ ಇದ್ದ ಬೆರಳೆಣಿಕೆಯ ಜನರಿಗೆ ಎನ್-ಅಸಿಟೈಲ್ ಸಿಸ್ಟೈನ್ ಔಷಧಿಯನ್ನು ನರದ ಮೂಲಕ ಕೊಟ್ಟು, 7 ಟೆಸ್ಲಾ ಯಂತ್ರದಲ್ಲಿ ಮುಂಚೆ ಮತ್ತು ನಂತರ ಅಳೆದರು. ಮಿದುಳಲ್ಲಿ ಗ್ಲುಟಾಥಯೋನ್ ಏರಿತ್ತು. 2013ರ ಪ್ರಬಂಧ ಅದು. ಇದೂ ಒಂದು ಡಿಫ್ಫೇ, ಈ ಸಲ ಒಬ್ಬನೇ ಮನುಷ್ಯನ ಎರಡು ಹೊತ್ತಿನ ನಡುವೆ. ರೋಗ ವಾಸಿಯಾಯ್ತು ಅಂತ ಅರ್ಥ ಅಲ್ಲ, ಔಷಧಿಯ ಪರಿಣಾಮ ಮಿದುಳು ಮುಟ್ಟಿತು ಅಂತ ಅರ್ಥ. ನನ್ನ ಲೆಕ್ಕದಲ್ಲಿ ಇದರ ಅಸಲಿ ಉಪಯೋಗ ಇಲ್ಲೇ ಇದೆ. ಅತ್ತೆಯ ಆ ಮಾತ್ರೆ ಡಬ್ಬಿ ಮೇಲೆ ಇಂಥ ಅಳತೆ ಯಾವುದೂ ಇರಲಿಲ್ಲ.

ಪ್ರಶ್ನೆ ಇದ್ರೆ ಕೇಳಿ.