ಸೋಲದ ತಂಡ, ಬಾರದ ಕರೆ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಅಮೆರಿಕದ ಕಾಲೇಜು ಹುಡುಗರ ಆಟದ ಮಾತೇಕೆ ಎಂದು ತಾವು ಕೇಳಬಹುದು. ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡು ಬಾಳುತ್ತಿರುವವರು ನಾವು. ಒಗ್ಗಟ್ಟಿಗೆ ತೆರಬೇಕಾದ ಬೆಲೆ ಎಷ್ಟೆಂಬುದು ಆ ಹುಡುಗರ ಕಥೆಯಿಂದ ತಿಳಿಯುವಂತಿದೆ. ಅದಕ್ಕಾಗಿ ಈ ಮಾತು.

ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಕಂಡ ಕಾಲ್ಚೆಂಡಲ್ಲ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುವುದೂ ಉಂಟು, ಎಸೆಯುವುದೂ ಉಂಟು. ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಆ ಮಟ್ಟಿಗೆ ನಮ್ಮ ಕಬಡ್ಡಿಯ ನೆನಪಾಗುತ್ತದೆ. ತಂಡಕ್ಕೆ ಹನ್ನೊಂದು ಮಂದಿ. ಒಬ್ಬ ಓಡಬೇಕಾದರೆ ಉಳಿದವರು ಮೈಯೊಡ್ಡಿ ದಾರಿ ಬಿಡಿಸಬೇಕು. ಋತು ಮುಗಿದ ಮೇಲೆ, ಹೊಸ ವರ್ಷದ ಹೊತ್ತಿಗೆ, ಮಿಯಾಮಿ, ನ್ಯೂ ಆರ್ಲಿಯನ್ಸ್ ಮೊದಲಾದ ನಗರಗಳಲ್ಲಿ ‘ಬೌಲ್’ ಎಂಬ ವಿಶೇಷ ಪಂದ್ಯಗಳು ನಡೆಯುತ್ತವೆ. ಅಂದಿನ ದಿನಗಳಲ್ಲಿ ಅವುಗಳಿಗೆ ಕರೆ ಬಂದರೆ ಕೀರ್ತಿಯೂ ಬಂತು, ಹಣವೂ ಬಂತು.

1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ‘ಡಾನ್ಸ್’ ತಂಡ ಕಣಕ್ಕಿಳಿಯಿತು. ಅದು ಜೆಸೂಟ್ ಪಾದ್ರಿಗಳ ಸಣ್ಣ ವಿದ್ಯಾಸಂಸ್ಥೆ. ತರಬೇತುದಾರರು ಜೋ ಕುಹಾರಿಚ್. ತಂಡದಲ್ಲಿ ಮಹಾಯುದ್ಧದಲ್ಲಿ ಕಾದಾಡಿ ಬಂದ ಜೀನೋ ಮಾರ್ಕೆಟಿಯಂಥವರಿದ್ದರು. ಆಲಿ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಇಬ್ಬರು ಕರಿಯ ಜನಾಂಗದವರೂ ಇದ್ದರು. ಮೊದಲ ಪಂದ್ಯದಲ್ಲೇ ಸ್ಯಾನ್ ಹೋಸೆ ತಂಡಕ್ಕೆ 39–2ರ ಸೋಲು. ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ತಂಡವನ್ನು 32–26ರಿಂದ ಕಷ್ಟಪಟ್ಟು ಗೆದ್ದರು. ಬಲಿಷ್ಠವಾದ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡವನ್ನು 47–14ರಿಂದ ಮಣಿಸಿದರು. ಒಂಬತ್ತು ಪಂದ್ಯ ಆಡಿದರು, ಒಂಬತ್ತನ್ನೂ ಗೆದ್ದರು. ಮ್ಯಾಟ್ಸನ್ ಒಬ್ಬನೇ ಚೆಂಡು ಹಿಡಿದು 1,566 ಗಜ ಓಡಿದ. ಆ ವರ್ಷ ಇಡೀ ದೇಶದಲ್ಲಿ ಅವನನ್ನು ಮೀರಿಸಿದ ಕಾಲೇಜು ಆಟಗಾರನಿರಲಿಲ್ಲ.

ಆದರೂ ಬೌಲ್ ಪಂದ್ಯಕ್ಕೆ ಕರೆ ಬರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರೂ ಕರಿಯರೂ ಬೇರೆ ಬೇರೆ ಇರಬೇಕೆಂಬ ಕಟ್ಟಳೆ ಇದ್ದ ಕಾಲ ಅದು. ಆ ಇಬ್ಬರನ್ನು ಬಿಟ್ಟು ಬರುವುದಾದರೆ ಬನ್ನಿ ಎಂಬ ಸೂಚನೆ ಬಂದಿತ್ತೆಂದೂ, ಬಂದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ ಎಂದು ತಾವು ನಿಂತೆವೆಂದೂ ಆಟಗಾರರು ಮುಂದೆ ಹೇಳಿದ್ದಾರೆ.

ಜಮಾ-ಖರ್ಚು ನೋಡುವುದು ಬ್ಯಾಂಕಿನವರಾದ ನಮ್ಮ ಕಸುಬು. ಆ ಲೆಕ್ಕವನ್ನೂ ನೋಡೋಣ. ಆ ಸಂಸ್ಥೆಗೆ ಫುಟ್‌ಬಾಲ್ ನಷ್ಟದ ಬಾಬ್ತಾಗಿತ್ತು. ಬೌಲ್ ಪಂದ್ಯದ ಹಣ ಬಂದಿದ್ದರೆ ಆಸರೆಯಾಗುತ್ತಿತ್ತು. ಅದು ಬರಲಿಲ್ಲ, ಋತು ಮುಗಿಯುತ್ತಲೇ ತಂಡವನ್ನೇ ವಿಸರ್ಜಿಸಿದರು. ಗೆದ್ದವರಿಗೆ ಮರುವರ್ಷ ಆಡಲು ತಂಡವೇ ಉಳಿಯಲಿಲ್ಲ. ನಷ್ಟ ಸಣ್ಣದಲ್ಲ.

ಇನ್ನೊಂದು ಪುಟವೂ ಉಂಟು. ಆ ತಂಡದ ಒಂಬತ್ತು ಮಂದಿ ವೃತ್ತಿಪರ ಲೀಗಿನಲ್ಲಿ ಆಡಿದರು. ಮಾರ್ಕೆಟಿ, ಮ್ಯಾಟ್ಸನ್, ಬಾಬ್ ಸೇಂಟ್ ಕ್ಲೇರ್ ಮೂವರೂ ಆ ಆಟದ ಕೀರ್ತಿಮಂದಿರ ಸೇರಿದರು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದ ಕಂಚನ್ನೂ, ರಿಲೇ ಓಟದ ಬೆಳ್ಳಿಯನ್ನೂ ಪಡೆದ. ನಮ್ಮ ಖಾಶಾಬಾ ಜಾಧವರು ಕುಸ್ತಿಯಲ್ಲಿ ಕಂಚು ಗೆದ್ದುದೂ ಅದೇ ಕೂಟದಲ್ಲಿ. ಮಂಡಿಗೆ ಪೆಟ್ಟಾಗಿ ಆಟ ಬಿಡಬೇಕಾದ ಟೋಲರ್ ಶಿಕ್ಷಕನಾದ, ಮುಖ್ಯೋಪಾಧ್ಯಾಯನಾದ. 1965ರಲ್ಲಿ ಅದೇ ವೃತ್ತಿಪರ ಲೀಗಿನ ಮೊದಲ ಕರಿಯ ಪಂಚನಾದ. 2006ರಲ್ಲಿ ವಿಶ್ವವಿದ್ಯಾಲಯ ಆ ಹಳೆಯ ತಂಡಕ್ಕೆ ಗೌರವ ಪದವಿ ನೀಡಿತು. ನಡುವೆ ಐವತ್ತೈದು ವರ್ಷ ಕಳೆದಿತ್ತು.

ಮಹನೀಯರೇ, ಅಮೆರಿಕದ ಬಣ್ಣಭೇದವನ್ನು ಇಲ್ಲಿ ಕುಳಿತು ಹಳಿಯುವುದು ಸುಲಭ. ಬಾಡಿಗೆ ಮನೆ ಕೇಳಿ ಬಂದವರಿಗೆ ಹೆಸರಿನ ಬೆನ್ನಲ್ಲೇ ಜಾತಿ ಕೇಳುವವರು ನಮ್ಮೊಳಗಿಲ್ಲವೆ? ಧಾರವಾಡದ ಮಾತು, ಮಂಗಳೂರಿನ ಮಾತು, ಬಳ್ಳಾರಿಯ ಮಾತು ಎಂದು ಒಬ್ಬರನ್ನೊಬ್ಬರು ಅಣಕಿಸುವುದಿಲ್ಲವೆ? ಇಲ್ಲೇ ಹುಟ್ಟಿ ಬೆಳೆದು ಕನ್ನಡ ತೊದಲುವ ನಮ್ಮ ಮಕ್ಕಳನ್ನು ಕಂಡು ನಗುವುದಿಲ್ಲವೆ? ಕರಿಯ ಗೆಳೆಯರಿಬ್ಬರಿಗಾಗಿ ಉಳಿದ ಹುಡುಗರೆಲ್ಲ ತಮ್ಮ ಪಾಲಿನ ಹಬ್ಬವನ್ನೇ ಬಿಟ್ಟರು. ನಾವು ಬಿಡಬೇಕಾದುದು ಬರಿಯ ಬಿಂಕ.

ಈ ಸಂಘದ ಊಟದ ಪಂಕ್ತಿಯಲ್ಲಾಗಲಿ, ಕಾರ್ಯಕಾರಿ ಸಮಿತಿಯಲ್ಲಾಗಲಿ, ನಾಟಕದ ಪಾತ್ರವರ್ಗದಲ್ಲಾಗಲಿ, ಯಾರು ಹೊರಗೆ ಉಳಿದರೆಂದು ಮೊದಲು ನೋಡೋಣ. ಅವರನ್ನು ಕರೆತಂದ ಮೇಲೆ ನಾವು ಕೂರೋಣ.